ಟಿವಿಯಲ್ಲಿ ಊರಿಗೂರೇ ನೋಡಿದ್ದು ಕೋರ್ಟಲ್ಲಿ ಯಾಕೆ ನಿಲ್ಲಲ್ಲ? ಕರಾವಳಿ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ, ಉಳಿದವು ಶಿವಮೊಗ್ಗ, ಧಾರವಾಡ, ಒಂದು ದುಬೈನಿಂದ. ಎಲ್ಲರೂ ಕೇಳಿರೋದು ಹೆಚ್ಚುಕಮ್ಮಿ ಒಂದೇ ವಿಷಯ, ಧರ್ಮದ ಹೆಸರಲ್ಲಿ ಹೊಡೆಯೋದು ಕೊಲ್ಲೋದು ಹೆಚ್ತಾ ಇದೆ, ಸರ್ಕಾರ ಏನು ಮಾಡ್ತಿದೆ ಅಂತ. ಹಾಗಾಗಿ ಅಡುಗೆ, ಆರೋಗ್ಯ, ಸಿನಿಮಾ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇದನ್ನೇ ತಗೊಂಡಿದ್ದೀನಿ. ಹೆಸರು ಹಾಕ್ಬೇಡಿ ಅಂತ ಹೆಚ್ಚಿನವರು ಬರೆದಿದ್ದಾರೆ, ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾವು ಕ್ಲಾಸ್‌ಮೇಟ್ಸ್ ಸೇರಿ ಬೀಚಿಗೆ ಹೋಗಿದ್ವಿ, ಹುಡುಗೀರೂ ಇದ್ವಿ ಹುಡುಗ್ರೂ ಇದ್ರು. ಬೈಕಲ್ಲಿ ಬಂದವರು ಅಡ್ಡ ಹಾಕಿ ಐಡಿ ಕಾರ್ಡ್ ಕೇಳಿದ್ರು, ಹೆಸರು ಓದಿ ಒಬ್ಬನನ್ನ ಮಾತ್ರ ಪಕ್ಕಕ್ಕೆ ಕರ್ಕೊಂಡು ಹೋಗಿ ಹೊಡೆದ್ರು, ವಿಡಿಯೋನೂ ಮಾಡಿದ್ರು. ಸ್ಟೇಷನ್‌ಗೆ ಹೋದ್ರೆ ಕಂಪ್ಲೇಂಟ್ ಬರ್ಕೊಳ್ಳೋದು ಬಿಟ್ಟು ನಮ್ಮ ಮನೆಗಳಿಗೆ ಫೋನ್ ಮಾಡಿದ್ರು. ಈಗ ಅಪ್ಪ ಕಾಲೇಜೇ ಬಿಡು ಅಂತಿದ್ದಾರೆ. ನಮ್ಮದೇ ತಪ್ಪಾ ಸರ್?
(ಕಾಲೇಜು ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ನಿಮ್ಮದು ಒಂದು ಚೂರೂ ತಪ್ಪಿಲ್ಲ ಕಣಮ್ಮ. ಪ್ರಾಯಕ್ಕೆ ಬಂದವರು ಯಾರ ಜೊತೆ ಬೇಕಾದ್ರೂ ಬೀಚಿಗೆ ಹೋಗಬಹುದು, ಅದಕ್ಕೆ ಯಾವ ಸಂಘಟನೆಯ ಪರ್ಮಿಷನ್ನೂ ಬೇಡ. ದಾರಿಯಲ್ಲಿ ಅಡ್ಡ ಹಾಕೋದು, ಹೊಡೆಯೋದು, ಹೆದರಿಸೋದು, ಹುಡುಗೀರ ವಿಡಿಯೋ ಮಾಡಿ ಹಂಚೋದು, ಒಂದೊಂದೂ ಅಪರಾಧವೇ. ನಾವು ಪೇಪರ್‌ನವರು ಇದಕ್ಕೆ ನೈತಿಕ ಪೊಲೀಸ್‌ಗಿರಿ ಅಂತ ಹೆಸರು ಕೊಟ್ಟುಬಿಟ್ಟಿದ್ದೀವಿ, ಆದ್ರೆ ನಡೆದಿರೋದು ಹಲ್ಲೆ, ಕಂಪ್ಲೇಂಟ್‌ನಲ್ಲೂ ಹಲ್ಲೆ ಅಂತಾನೇ ಬರೀರಿ.

ಈಗ ಮಾಡಬೇಕಾದ್ದು ಹೇಳ್ತೀನಿ. ಪೊಲೀಸರು ನೇರ ಕ್ರಮ ತಗೊಳ್ಳಬಹುದಾದ ಅಪರಾಧದ ಬಗ್ಗೆ ಮಾಹಿತಿ ಬಂದ್ರೆ ಎಫ್‌ಐಆರ್ ಹಾಕಲೇಬೇಕು, ಅದು ಇನ್‌ಸ್ಪೆಕ್ಟರ್ ಇಷ್ಟಕ್ಕೆ ಬಿಟ್ಟಿದ್ದಲ್ಲ ಅಂತ ಲಲಿತಾ ಕುಮಾರಿ ಕೇಸಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ದಾರಿ ಅಡ್ಡಗಟ್ಟೋದು ಅಂಥದ್ದೇ ಅಪರಾಧ. ಸ್ಟೇಷನ್‌ನಲ್ಲಿ ತಗೊಳ್ದೆ ಇದ್ರೆ ಅದೇ ದೂರನ್ನ ಬರೆದು ಪೊಲೀಸ್ ಕಮಿಷನರ್‌ಗೆ (ಸಿಟಿ ಹೊರಗೆ ಆದ್ರೆ ಎಸ್‌ಪಿಗೆ) ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳ್ಸಿ, ರಸೀದಿ ಜೋಪಾನವಾಗಿ ಇಟ್ಕೊಳ್ಳಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗಬಹುದು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 175(3)ನೇ ಸೆಕ್ಷನ್ ಇರೋದೇ ಇದಕ್ಕೆ. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ, ಆದಾಯ ಎಷ್ಟೇ ಇರಲಿ ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗ್ತಾರೆ, ಆಫೀಸು ಜಿಲ್ಲಾ ಕೋರ್ಟಲ್ಲೇ ಇದೆ. ಹೊಡೆಸ್ಕೊಂಡ ಹುಡುಗನಿಗೆ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಗಾಯದ ವೈದ್ಯಕೀಯ ದಾಖಲೆ) ಮಾಡ್ಸಿದ್ದೀರಾ ನೋಡಿ, ಅದಿಲ್ಲದೆ ಆಮೇಲೆ ಕೇಸು ಬಹಳ ಸಡಿಲ ಆಗತ್ತೆ.

ನಿಮ್ಮ ಅಪ್ಪನಿಗೂ ಒಂದು ಮಾತು. ಯಜಮಾನ್ರೇ, ನಿಮ್ಮ ಭಯ ಅರ್ಥ ಆಗತ್ತೆ, ಆದ್ರೆ ಹೊಡೆದವರು ರಾಜಾರೋಷವಾಗಿ ಓಡಾಡ್ತಾ ನಿಮ್ಮ ಮಗಳು ಕಾಲೇಜು ಬಿಟ್ಟು ಮನೇಲಿ ಕೂತ್ರೆ ಅವರಿಗೆ ಬೇಕಾಗಿದ್ದೂ ಅದೇ. ದಯವಿಟ್ಟು ಓದಿಸಿ.

ಪ್ರಶ್ನೆ: 2009ರ ಪಬ್ ದಾಳಿ, 2012ರ ಹೋಮ್‌ಸ್ಟೇ ದಾಳಿ ಎರಡನ್ನೂ ಟಿವಿಯಲ್ಲಿ ಇಡೀ ದೇಶ ನೋಡಿತು, ಹೊಡೆಯೋರ ಮುಖ ಸ್ಪಷ್ಟವಾಗಿ ಕಾಣ್ತಿತ್ತು. ಎರಡರಲ್ಲೂ ಆರೋಪಿಗಳು ಖುಲಾಸೆ. ನಾನು ಮಕ್ಕಳಿಗೆ ನಾಗರಿಕಶಾಸ್ತ್ರ ಪಾಠ ಮಾಡಿದವನು, ಈಗ ಯಾರಾದ್ರೂ ಕೇಳಿದ್ರೆ ಏನು ಹೇಳಲಿ?
(ನಿವೃತ್ತ ಶಿಕ್ಷಕರು, ಪುತ್ತೂರು)

ಉತ್ತರ: ಮಾಸ್ಟ್ರೇ, ಈ ಸಲ ಬಂದ ಪತ್ರಗಳಲ್ಲಿ ನನ್ನನ್ನ ಜಾಸ್ತಿ ಕಾಡಿದ್ದು ನಿಮ್ಮದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

2009ರ ಜನವರಿ 24, ಶನಿವಾರ. ಮಂಗಳೂರಿನ ಪಬ್ ಒಂದಕ್ಕೆ ಶ್ರೀರಾಮ ಸೇನೆಯವರು ನುಗ್ಗಿ ಹುಡುಗೀರನ್ನ ಎಳೆದಾಡಿ ಹೊಡೆದ್ರು, ಕ್ಯಾಮೆರಾಗಳು ಅಲ್ಲೇ ಇದ್ವು. ಹೊರದೇಶದ ಚಾನೆಲ್‌ಗಳಲ್ಲೂ ಬಂತು. ಒಂಬತ್ತು ವರ್ಷ ಕಳೆದು 2018ರ ಮಾರ್ಚ್‌ನಲ್ಲಿ ಮಂಗಳೂರಿನ ಕೋರ್ಟು ಪ್ರಮೋದ್ ಮುತಾಲಿಕ್ ಸೇರಿದಂತೆ ಆರೋಪಿಗಳನ್ನ ಸಾಕ್ಷ್ಯ ಸಾಲದು ಅಂತ ಬಿಡುಗಡೆ ಮಾಡಿತು. ಆಮೇಲೆ 2012ರ ಜುಲೈ 28, ಪಡೀಲ್‌ನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಮಾಡ್ತಿದ್ದ ಹುಡುಗ ಹುಡುಗೀರ ಮೇಲೆ ದಾಳಿ. ಅದನ್ನ ಶೂಟ್ ಮಾಡಿ ಲೋಕಕ್ಕೆ ತೋರಿಸಿದ ಟಿವಿ ವರದಿಗಾರ ನವೀನ್ ಸೂರಿಂಜೆಯವರನ್ನೇ ಪೊಲೀಸರು ಆರೋಪಿ ಮಾಡಿ ಅದೇ ವರ್ಷ ನವೆಂಬರ್‌ನಲ್ಲಿ ಜೈಲಿಗೆ ಹಾಕಿದ್ರು, ಅವರು ಹೊರಗೆ ಬಂದಿದ್ದು ಮುಂದಿನ ವರ್ಷ ಮಾರ್ಚ್‌ನಲ್ಲಿ. ಹೊಡೆದ ಆರೋಪ ಇದ್ದವರು 2024ರ ಆಗಸ್ಟ್‌ನಲ್ಲಿ ಖುಲಾಸೆ ಆದ್ರು. ಹನ್ನೆರಡು ವರ್ಷ!

ಇದು ಹೇಗಾಗತ್ತೆ ಅಂದ್ರೆ, ಯಾವುದೋ ಒಂದು ದೊಡ್ಡ ಪಿತೂರಿಯಿಂದಲೇ ಆಗಬೇಕು ಅಂತೇನಿಲ್ಲ, ಸಣ್ಣಸಣ್ಣ ಕೆಲಸ ಮಾಡದೆ ಇದ್ರೆ ಸಾಕು. ಕೇಸು ಬೀಳೋ ದಾರಿ ನಮ್ಮ ಕೋರ್ಟುಗಳ ಸುತ್ತ ಓಡಾಡೋ ಎಲ್ಲರಿಗೂ ಗೊತ್ತು. ವಿಡಿಯೋ ಇದ್ರೆ ಸಾಲದು, ಅದರ ಒರಿಜಿನಲ್ ಎಲ್ಲಿದೆ ಯಾರು ತೆಗೆದ್ರು ಅಂತ ಸರ್ಟಿಫಿಕೇಟ್ ಕೊಡಬೇಕು, ಸರ್ಕಾರದ ಫೊರೆನ್ಸಿಕ್ ಲ್ಯಾಬ್ ಎಫ್‌ಎಸ್‌ಎಲ್‌ಗೆ ಕಳಿಸಬೇಕು. ಆರೋಪಿಯನ್ನ ಹಿಡಿದ ಮೇಲೆ ಟಿವಿಯಲ್ಲಿ ಮುಖ ಬರೋಕೆ ಮುಂಚೆ ಸಾಕ್ಷಿಗಳು ಅವನನ್ನ ಗುರುತಿಸೋ ಗುರುತು ಪರೇಡ್ ಮಾಡಿಸಬೇಕು, ತಡ ಮಾಡಿದ್ರೆ ಡಿಫೆನ್ಸ್ ವಕೀಲರು ಅಲ್ಲೇ ಹಿಡೀತಾರೆ. ಮಹಜರಿಗೆ ಸಾಕ್ಷಿಯಾಗಿ ಪಂಚರು ಅಂತ ಸಹಿ ಹಾಕಿದವರು ಆರೇಳು ವರ್ಷ ಆದ್ಮೇಲೆ ಕೋರ್ಟಿಗೆ ಬಂದು ನಂಗೆ ನೆನಪಿಲ್ಲ, ಪೊಲೀಸರು ಹೇಳಿದಲ್ಲಿ ಸೈನ್ ಹಾಕಿದೆ ಅಂದುಬಿಡ್ತಾರೆ. ಹೊಡೆಸ್ಕೊಂಡ ಹುಡುಗಿಗೆ ಅಷ್ಟೊತ್ತಿಗೆ ಮದುವೆ ಆಗಿರತ್ತೆ, ಬೇರೆ ಊರಲ್ಲಿ ಇರ್ತಾಳೆ, ಆ ದಿನ ನೀನು ಅಲ್ಲಿಗೆ ಯಾಕೆ ಹೋಗಿದ್ದೆ ಅಂತ ತುಂಬಿದ ಕೋರ್ಟಲ್ಲಿ ಕೇಳಿಸ್ಕೊಳ್ಳೋಕೆ ಯಾರು ಬರ್ತಾರೆ ಹೇಳಿ. ತನಿಖಾಧಿಕಾರಿಗೆ ಈ ನಡುವೆ ಹಲವು ಸಲ ಟ್ರಾನ್ಸ್‌ಫರ್ ಆಗಿರತ್ತೆ, ಕೇಸಿನ ಕಡತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗ್ತಾ ಹೋಗ್ತಾ ಅದು ಯಾರದ್ದೂ ಅಲ್ಲ ಅನ್ನೋ ಹಾಗಾಗತ್ತೆ. ಸಾಕ್ಷಿಗಳಿಗೆ ರಕ್ಷಣೆ ಕೊಡೋ ಯೋಜನೆಯನ್ನ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಒಪ್ಪಿ, ಎಲ್ಲ ರಾಜ್ಯಗಳಿಗೂ ಇದೇ ಕಾನೂನು ಅಂತ ಹೇಳಿದೆ. ನಿಮ್ಮ ತಾಲೂಕಲ್ಲಿ ಯಾರಿಗಾದ್ರೂ ಅದು ಸಿಕ್ಕಿದ್ದು ಕೇಳಿದ್ದೀರಾ ಮಾಸ್ಟ್ರೇ?

ಸರ್ಕಾರ ಕೈಲಾಗದ್ದು ಅಂತ ನಾವು ಅಂದ್ಕೊಳ್ತೀವಿ. ನಂಗೆ ಹಾಗೆ ಅನ್ಸಲ್ಲ. ಗೌರಿ ಲಂಕೇಶ್ ಅವರನ್ನ 2017ರ ಸೆಪ್ಟೆಂಬರ್ 5ರಂದು ಮನೆ ಬಾಗಿಲಲ್ಲಿ ಕೊಂದ್ರು, ಯಾರು ಅಂತ ಗೊತ್ತಿರಲಿಲ್ಲ, ಮುಖ ಕಾಣೋ ವಿಡಿಯೋ ಇರಲಿಲ್ಲ. ಆದ್ರೂ ಇದೇ ಕರ್ನಾಟಕ ಪೊಲೀಸರ ಎಸ್‌ಐಟಿ (ವಿಶೇಷ ತನಿಖಾ ತಂಡ) ಒಂದು ವರ್ಷ ಚಿಲ್ಲರೆಯಲ್ಲಿ ರಾಜ್ಯದ ಹೊರಗೂ ಸುತ್ತಿ 18 ಜನರ ಮೇಲೆ ಚಾರ್ಜ್‌ಶೀಟ್ ಹಾಕಿತು. ಕತ್ತಲಲ್ಲಿ ಹೆಲ್ಮೆಟ್ ಹಾಕ್ಕೊಂಡು ಬಂದವನನ್ನ ಹುಡುಕೋಕೆ ಆಗತ್ತೆ ಅಂದ್ರೆ, ಕ್ಯಾಮೆರಾ ಮುಂದೆ ಮುಖ ತೋರಿಸಿ ಹೊಡೆದವನ ಮೇಲೆ ಕೇಸು ನಿಲ್ಲಿಸೋಕೆ ಯಾಕಾಗಲ್ಲ? ಶಕ್ತಿ ಇದೆ. ಅದನ್ನ ಯಾವ ಕೇಸಿಗೆ ಹಾಕಬೇಕು ಯಾವುದಕ್ಕೆ ಬೇಡ ಅಂತ ಮೇಲೆ ಕೂತವರು ತೀರ್ಮಾನ ಮಾಡ್ತಾರೆ. ನಿಮ್ಮ ಹಳೆ ವಿದ್ಯಾರ್ಥಿಗಳು ಕೇಳಿದ್ರೆ ಇದನ್ನೇ ಹೇಳಿ.

ಪ್ರಶ್ನೆ: ಬಿಜೆಪಿ ಬಂದ್ರೆ ಅವರ ಹುಡುಗರ ಕೇಸು ವಾಪಸ್, ಕಾಂಗ್ರೆಸ್ ಬಂದ್ರೆ ಇವರ ಹುಡುಗರ ಕೇಸು ವಾಪಸ್ ಅಂತ ನಮ್ಮ ಕಟ್ಟೆಯಲ್ಲಿ ದಿನಾ ಜಗಳ. ನಿಜ ಎಷ್ಟು, ಸುಳ್ಳು ಎಷ್ಟು?
(ಅಡಿಕೆ ವ್ಯಾಪಾರಿ, ಶಿವಮೊಗ್ಗ)

ಉತ್ತರ: ದುರದೃಷ್ಟ ಏನಂದ್ರೆ ನಿಮ್ಮ ಕಟ್ಟೆಯಲ್ಲಿ ಎರಡೂ ಕಡೆಯವರು ಹೇಳ್ತಿರೋದು ನಿಜ.

2015ರಲ್ಲಿ ಸಿದ್ದರಾಮಯ್ಯ ಸರ್ಕಾರ ಮುಸ್ಲಿಂ ಸಂಘಟನೆಗಳಾದ ಪಿಎಫ್‌ಐ, ಕೆಎಫ್‌ಡಿ ಕಾರ್ಯಕರ್ತರ ಮೇಲಿದ್ದ 175 ಕೇಸು ವಾಪಸ್ ತಗೊಳ್ಳೋಕೆ ತೀರ್ಮಾನ ಮಾಡಿತು, ಸುಮಾರು 1,600 ಜನ ಅದರಲ್ಲಿದ್ರು. ಆಮೇಲೆ ಬಂದ ಬಿಜೆಪಿ ಸರ್ಕಾರ 2019ರಿಂದ 2023ರ ತನಕ ದ್ವೇಷ ಭಾಷಣ, ಗೋರಕ್ಷಣೆ ಹೆಸರಿನ ಹಲ್ಲೆ, ಕೋಮು ಗಲಭೆಗೆ ಸೇರಿದ 182 ಕೇಸು ಕೈಬಿಡೋಕೆ ಆದೇಶ ಮಾಡಿತು, ಲಾಭ ಆದವರಲ್ಲಿ ಹೆಚ್ಚಿನವರು ಹಿಂದೂ ಸಂಘಟನೆಗಳವರು. ಇದರ ಮಧ್ಯೆ 2020ರ ಆಗಸ್ಟ್‌ನಲ್ಲಿ ಸಂಸದರು, ಶಾಸಕರ ಹೆಸರೂ ಇದ್ದ 61 ಕೇಸು ವಾಪಸ್ ಅಂತ ಆದೇಶ ಬಂದಾಗ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನವರು ಹೈಕೋರ್ಟಿಗೆ ಹೋಗಿ ತಡೆ ತಂದ್ರು. ಮತ್ತೆ ಕಾಂಗ್ರೆಸ್ ಬಂತು, 2024ರ ಅಕ್ಟೋಬರ್‌ನಲ್ಲಿ 43 ಕೇಸು ವಾಪಸ್ ಅಂತ ಹೇಳಿತು, ಅದರಲ್ಲಿ 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿ ಪೊಲೀಸ್ ಸ್ಟೇಷನ್ ಮೇಲೆ ನಡೆದ ದಾಳಿಯ ಕೇಸೂ ಇತ್ತು. ಒಂದು ವಾಟ್ಸಾಪ್ ಸ್ಟೇಟಸ್ ಇಟ್ಕೊಂಡು ಸಾವಿರಾರು ಜನ ಸೇರಿ ಸ್ಟೇಷನ್‌ಗೇ ಕಲ್ಲು ಹೊಡೆದು ಪೊಲೀಸರಿಗೆ ಗಾಯ ಮಾಡಿದ ಕೇಸು ಅದು. 2025ರ ಮೇ 29ರಂದು ಹೈಕೋರ್ಟು ಆ ಸರ್ಕಾರಿ ಆದೇಶವನ್ನೇ ರದ್ದು ಮಾಡಿತು.

ಕಾನೂನಲ್ಲಿ ಇರೋದು ಬೇರೆ. ಕೇಸು ವಾಪಸ್ ತಗೊಳ್ಳೋ ಅರ್ಜಿ ಹಾಕಬೇಕಾದ್ದು ಸರ್ಕಾರಿ ಅಭಿಯೋಜಕರು, ಅದೂ ಸ್ವಂತ ಬುದ್ಧಿಯಿಂದ ಯೋಚನೆ ಮಾಡಿ, ಕೋರ್ಟು ಒಪ್ಪಬೇಕು. ನಡೆಯೋದು ಏನು ಅಂದ್ರೆ ಶಾಸಕರ ಪತ್ರ, ಸಚಿವ ಸಂಪುಟದ ಉಪಸಮಿತಿ, ಸಂಪುಟದ ಒಪ್ಪಿಗೆ, ಆಮೇಲೆ ಅಭಿಯೋಜಕರಿಗೆ ಆದೇಶ. ಪೊಲೀಸ್ ಇಲಾಖೆ ಬೇಡ ಅಂತ ಬರೆದ್ರೂ ಕೇಳಲ್ಲ. ರೈತ ಹೋರಾಟದ ಕೇಸು, ಕನ್ನಡ ಚಳವಳಿ ಕೇಸು ಇಂಥವನ್ನ ಕೈಬಿಡೋದಕ್ಕೆ ನನ್ನ ತಕರಾರಿಲ್ಲ. ಅದೇ ಪಟ್ಟಿಯೊಳಗೆ ಜಾತಿ ಧರ್ಮ ನೋಡಿ ಹೊಡೆದವರ ಕೇಸನ್ನೂ ತೂರಿಸ್ತಾರಲ್ಲ, ಮೋಸ ಇರೋದು ಅಲ್ಲಿ.

ಇದರ ಪರಿಣಾಮ ಯಾರ ಮೇಲೆ ಆಗತ್ತೆ ನೋಡಿ. ಮುಂದಿನ ಸಲ ಲಾಠಿ ಹಿಡಿದು ನಿಲ್ಲೋ ಕಾನ್‌ಸ್ಟೇಬಲ್ ಮೇಲೆ. ತಾನು ಕಷ್ಟಪಟ್ಟು ಹಿಡಿದವನು ನಾಲ್ಕು ವರ್ಷಕ್ಕೆ ಹಾರ ಹಾಕಿಸ್ಕೊಂಡು ಬರ್ತಾನೆ ಅಂತ ಗೊತ್ತಿರೋನು ಯಾಕೆ ಮೈಮೇಲೆ ಎಳ್ಕೊಳ್ತಾನೆ. ಹಾಗಂತ ಅವನು ಸುಮ್ಮನಿರೋದು ಸರಿ ಅಂತ ನಾನು ಹೇಳಲ್ಲ, ಆದ್ರೆ ಕಾರಣ ಅಲ್ಲಿದೆ. ನಿಮ್ಮ ಕಟ್ಟೆಯಲ್ಲಿ ಇನ್ನು ಮೇಲೆ ಜಗಳ ಆಡೋದಾದ್ರೆ, ನಿಮ್ಮ ಪಕ್ಷದವರು ಎಷ್ಟು ಕೇಸು ವಾಪಸ್ ತಗೊಂಡ್ರು ಅಂತ ಅವರವರ ಪಕ್ಷದವರನ್ನ ಅವರವರೇ ಕೇಳೋ ಜಗಳ ಆಡಿ.

ಪ್ರಶ್ನೆ: ನೀವು ಬರೀ ಹಿಂದೂ ಸಂಘಟನೆಗಳನ್ನ ಬೈತೀರಿ. ಬೆಳ್ಳಾರೆಯಲ್ಲಿ ನಮ್ಮ ಹುಡುಗನನ್ನ ಕೊಚ್ಚಿ ಹಾಕಿದಾಗ ನಿಮ್ಮ ಪೆನ್ನಲ್ಲಿ ಇಂಕ್ ಇರಲಿಲ್ಲವಾ?
(ಕಾರ್ಕಳದ ಓದುಗರು)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಅದಕ್ಕೆ ನೇರ ಉತ್ತರ ಕೊಡ್ತೀನಿ. 2022ರ ಜುಲೈ 26ರ ರಾತ್ರಿ ಬೆಳ್ಳಾರೆಯಲ್ಲಿ ತನ್ನ ಕೋಳಿ ಅಂಗಡಿ ಮುಚ್ಚಿ ಮನೆಗೆ ಹೊರಟಿದ್ದ ಬಿಜೆಪಿ ಯುವ ಮೋರ್ಚಾದ ಯುವಕನನ್ನ ಕೊಂದದ್ದು ಯೋಜನೆ ಹಾಕಿ ಮಾಡಿದ ಭಯೋತ್ಪಾದನೆ ಅಂತ ಎನ್‌ಐಎ ಪಿಎಫ್‌ಐ ಸದಸ್ಯರ ಮೇಲೆ ಚಾರ್ಜ್‌ಶೀಟ್ ಹಾಕಿದೆ. ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಕೇಂದ್ರ ಸರ್ಕಾರ ಪಿಎಫ್‌ಐಯನ್ನ ಐದು ವರ್ಷ ಬ್ಯಾನ್ ಮಾಡಿತು. ನವೆಂಬರ್ 19ಕ್ಕೆ ಮಂಗಳೂರಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡೀತು, ಬಾಡಿಗೆ ಓಡಿಸ್ತಿದ್ದ ಪಾಪದ ಡ್ರೈವರ್ ಸುಟ್ಟುಹೋಗಿ ಬದುಕಿದ್ದೇ ದೊಡ್ಡದು. ಇದು ಉಗ್ರವಾದವೇ, ಇದಕ್ಕೆ ನಾನು ಬೇರೆ ಹೆಸರು ಹುಡುಕಲ್ಲ. ಪಿಎಫ್‌ಐ ಊರೂರಲ್ಲಿ ಬೆಳೀತಿದ್ದಾಗ ಅದರ ಕೇಸು ವಾಪಸ್ ತಗೊಂಡ ಸರ್ಕಾರದ ಬಗ್ಗೆ ಮೇಲಿನ ಉತ್ತರದಲ್ಲೇ ಬರೆದಿದ್ದೀನಿ.

ಆದ್ರೆ ಆ ಜುಲೈ ತಿಂಗಳಲ್ಲಿ ಸತ್ತವರು ಒಬ್ಬರೇ ಅಲ್ಲ. ಅದಕ್ಕೆ ಒಂದು ವಾರ ಮುಂಚೆ ಅಲ್ಲೇ ಹತ್ತಿರದ ಕಳಂಜದಲ್ಲಿ ಒಬ್ಬ ಮುಸ್ಲಿಂ ಹುಡುಗನ ಮೇಲೆ ಗುಂಪು ಹಲ್ಲೆ ಆಗಿ ಆಸ್ಪತ್ರೆಯಲ್ಲಿ ತೀರಿಕೊಂಡ. 28ರ ರಾತ್ರಿ ಸುರತ್ಕಲ್ ಪೇಟೆಯಲ್ಲಿ ಬಟ್ಟೆ ಅಂಗಡಿ ಎದುರು ಇನ್ನೊಬ್ಬ ಮುಸ್ಲಿಂ ಹುಡುಗನನ್ನ ಕೊಂದ್ರು. ಅವತ್ತಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದೇ ದಿನ ಜಿಲ್ಲೆಯಲ್ಲೇ ಇದ್ರು. ಬೆಳ್ಳಾರೆ ಮನೆಗೆ ಹೋಗಿ 25 ಲಕ್ಷದ ಚೆಕ್ ಕೊಟ್ರು, ಅದು ಸರಿ, ಕೊಡಲೇಬೇಕಿತ್ತು. ಉಳಿದ ಎರಡು ಮನೆಗೆ ಹೋಗ್ಲಿಲ್ಲ. ಆ ಮನೆಯವರಿಗೆ ಸರ್ಕಾರದ ದುಡ್ಡು ಸಿಕ್ಕಿದ್ದು 2023ರಲ್ಲಿ ಸರ್ಕಾರ ಬದಲಾದ ಮೇಲೆ. ಅದಕ್ಕೂ ಹಿಂದೆ, 2021ರ ಅಕ್ಟೋಬರ್‌ನಲ್ಲಿ ಇದೇ ಮುಖ್ಯಮಂತ್ರಿಗಳು ಮಂಗಳೂರಿನ ಹಲ್ಲೆಗಳ ಬಗ್ಗೆ ಪತ್ರಕರ್ತರು ಕೇಳಿದಾಗ ಭಾವನೆಗೆ ಧಕ್ಕೆ ಆದ್ರೆ ಕ್ರಿಯೆಗೆ ಪ್ರತಿಕ್ರಿಯೆ ಇರತ್ತೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ರಾಜ್ಯದ ಪೊಲೀಸರಿಗೆಲ್ಲ ಮೇಲಿರೋರು ಹೀಗಂದ್ರೆ ಕೆಳಗಿನ ಹುಡುಗರು ಏನಂತ ತಿಳ್ಕೊಳ್ತಾರೆ?

ನಮ್ಮ ಹುಡುಗ ಅಂತ ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ಆ ಮೂವರೂ ನಮ್ಮ ಹುಡುಗರೇ, ಮೂವರೂ ದುಡಿದು ತಿನ್ನೋ ಮನೆಯವರು. ಇದನ್ನ ನೀವು ಒಪ್ಪದೆ ಇರಬಹುದು, ಆದ್ರೂ ಪತ್ರ ಬರೀತಾ ಇರಿ.

ಪ್ರಶ್ನೆ: ನಾನು ಪಿಕಪ್ ಓಡಿಸ್ತೇನೆ. ಮೇ ತಿಂಗಳ ಮರ್ಡರ್ ಆದ ಮೇಲೆ ಗೊತ್ತಿಲ್ಲದ ನಂಬರಿನಿಂದ ಮರಳು ಬೇಕು, ಕಲ್ಲು ಬೇಕು ಅಂತ ಫೋನ್ ಬಂದ್ರೆ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ. ಮನೆಯಲ್ಲಿ ಹೆಂಡತಿ ಬಿಡುದಿಲ್ಲ. ಹೊಸ ಪೊಲೀಸ್ ಪಡೆ ಬಂದಿದೆ ಅಂತಾರೆ, ಎಂತ ಪ್ರಯೋಜನ ಉಂಟು?
(ಬಂಟ್ವಾಳ ತಾಲೂಕಿನ ಓದುಗರು)

ಉತ್ತರ: ಅಣ್ಣ, ನಿಮ್ಮ ಹೆದರಿಕೆ ಸುಮ್ಮನೆ ಬಂದದ್ದಲ್ಲ. 2025ರ ಮೇ 1ಕ್ಕೆ ಬಜ್ಪೆಯಲ್ಲಿ ಹಿಂದೂ ಸಂಘಟನೆಯಲ್ಲಿದ್ದ ರೌಡಿಶೀಟರ್ ಕೊಲೆ, ಮೇಲೆ ಹೇಳಿದ 2022ರ ಸುರತ್ಕಲ್ ಕೊಲೆ ಕೇಸಲ್ಲಿ ಅವನೇ ಮುಖ್ಯ ಆರೋಪಿ ಆಗಿದ್ದ. ಮೇ 27ಕ್ಕೆ ನಿಮ್ಮದೇ ತಾಲೂಕಿನ ಕೊಳತ್ತಮಜಲಲ್ಲಿ ಮರಳು ಇಳಿಸ್ತಿದ್ದ ಪಿಕಪ್ ಡ್ರೈವರ್ ಕೊಲೆ, ಜೊತೆಗಿದ್ದವನಿಗೂ ತಲವಾರಿನ ಏಟು. ಸತ್ತವನಿಗೂ ಹಿಂದಿನ ಜಗಳಕ್ಕೂ ಸಂಬಂಧವೇ ಇರಲಿಲ್ಲ, ಧರ್ಮ ನೋಡಿ ಕೊಂದರು ಅಂತಲೇ ಊರವರು ಹೇಳ್ತಿರೋದು.

ಇವೆರಡಕ್ಕೂ ಮುಂಚೆ ಏಪ್ರಿಲ್ 27ಕ್ಕೆ ಕುಡುಪುವಿನಲ್ಲಿ ಏನಾಯ್ತು ಅನ್ನೋದನ್ನ ಮಾತ್ರ ನಾನು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಸರ್ಕಾರದ ಮೊದಲ ಪ್ರತಿಕ್ರಿಯೆ ಹೇಗಿರತ್ತೆ ಅನ್ನೋದು ಅಲ್ಲಿ ಕಾಣತ್ತೆ. ಕ್ರಿಕೆಟ್ ಮ್ಯಾಚ್ ನಡೀತಿದ್ದ ಗ್ರೌಂಡ್ ಹತ್ರ ಕೇರಳದ ವಯನಾಡ್ ಮೂಲದ ಒಬ್ಬ ಬಡಪಾಯಿ ಗುಜರಿ ಆಯೋನನ್ನ ಗುಂಪು ಸೇರಿ ಹೊಡೆದು ಕೊಂದ್ರು. ಪೊಲೀಸರು ಅದನ್ನ ಅಸಹಜ ಸಾವು ಅಂತ ಬರ್ಕೊಂಡ್ರು. ಮೈತುಂಬ ಏಟು ಬಿದ್ದು ಒಳಗೆ ರಕ್ತಸ್ರಾವ ಆಗಿ ಸತ್ತಿದ್ದು ಅಂತ ಪೋಸ್ಟ್‌ಮಾರ್ಟಂ ಹೇಳಿದ ಮೇಲೆ ಕೊಲೆ ಕೇಸು ಆಯ್ತು. ಅಷ್ಟರಲ್ಲಿ ಅವನು ಪಾಕಿಸ್ತಾನ ಜಿಂದಾಬಾದ್ ಅಂದಿದ್ನಂತೆ ಅನ್ನೋ ಮಾತು ಗೃಹ ಸಚಿವರ ಬಾಯಿಂದಲೇ ಬಂತು, ಆಮೇಲೆ ಅದು ನನ್ನ ಮಾತಲ್ಲ, ಹೊಡೆದವರು ಹಾಗೆ ಹೇಳಿದ್ದಾರೆ ಅಂತ ಸಮಜಾಯಿಷಿ. ಒಬ್ಬ ಇನ್‌ಸ್ಪೆಕ್ಟರ್, ಇಬ್ಬರು ಪೊಲೀಸರ ಸಸ್ಪೆಂಡ್ ಆಯ್ತು. ಐದು ಅಥವಾ ಜಾಸ್ತಿ ಜನ ಸೇರಿ ಜಾತಿ, ಸಮುದಾಯ, ಭಾಷೆ ಇಂಥ ಕಾರಣಕ್ಕೆ ಕೊಂದ್ರೆ ಅದಕ್ಕೇ ಅಂತ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 103(2) ಅನ್ನೋ ಪ್ರತ್ಯೇಕ ಸೆಕ್ಷನ್ ಇದೆ, ಗುಂಪು ಹತ್ಯೆ ತಡೆಯೋಕೆ ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ ಇರಬೇಕು ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಇಷ್ಟೆಲ್ಲ ಇದ್ದೂ ಮೊದಲು ಕೈಗೆ ಬಂದ ಪದ ಅಸಹಜ ಸಾವು. ಆ ಮನುಷ್ಯನಿಗೆ ಕೇಳೋರು ಯಾರಾದ್ರೂ ಈ ಊರಲ್ಲಿ ಇದ್ದಿದ್ರೆ ಹಾಗೆ ಬರೀತಿದ್ರಾ ಅಂತ ನಂಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಇನ್ನು ಹೊಸ ಪಡೆ. ಮೇ ಕೊನೆಯಲ್ಲಿ ಕಮಿಷನರ್, ಎಸ್‌ಪಿ ಇಬ್ಬರನ್ನೂ ಬದಲಾಯಿಸಿದ್ರು, ಜೂನ್‌ನಲ್ಲಿ ವಿಶೇಷ ಕಾರ್ಯಪಡೆ ಶುರು ಮಾಡಿದ್ರು. ನಕ್ಸಲ್ ನಿಗ್ರಹ ಪಡೆಯಿಂದ ತಂದ 248 ಜನ, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ. ಎರಡೂ ಕಡೆಯ ಹೆಸರಿದ್ದ 36 ಜನರ ಗಡಿಪಾರಿಗೂ ಪ್ರಕ್ರಿಯೆ ಶುರು ಮಾಡಿದ್ರು. ಹೊಸ ಅಧಿಕಾರಿಗಳು ಬಂದ ಮೇಲೆ ರಾತ್ರಿ ಕಾರ್ಯಕ್ರಮ, ಪ್ರಚೋದನೆ ಭಾಷಣ, ಸೋಷಿಯಲ್ ಮೀಡಿಯಾ ಪೋಸ್ಟ್ ಮೇಲೆ ಬಿಗಿ ಮಾಡಿದ್ದು ನಿಮಗೂ ಗೊತ್ತಿರಬಹುದು. ಇದು ಒಳ್ಳೇದೇ, ನಾನು ಸಣ್ಣದು ಅನ್ನಲ್ಲ. ಆದ್ರೆ ಒಬ್ಬ ಖಡಕ್ ಅಧಿಕಾರಿ ಇರೋ ತನಕ ಶಾಂತಿ, ಅವರು ಹೋದ ಮೇಲೆ ಮತ್ತೆ ಅದೇ ಅಂದ್ರೆ ಪ್ರಯೋಜನ ಇಲ್ಲ. ಬಜ್ಪೆ, ಕೊಳತ್ತಮಜಲು, ಕುಡುಪು ಮೂರೂ ಕೇಸಿನ ವಿಚಾರಣೆ ಬೇಗ ನಡೆದು ತೀರ್ಪು ಬಂದ್ರೆ ಆಗ ಪಡೆ ಕೆಲಸ ಮಾಡಿದೆ ಅನ್ನೋಣ.

ನಿಮಗೆ ಸದ್ಯಕ್ಕೆ ಹೇಳೋದು ಇಷ್ಟೇ, ಗೊತ್ತಿಲ್ಲದ ನಂಬರಿನ ಬಾಡಿಗೆ ಆದ್ರೆ ಹೋಗೋಕೆ ಮುಂಚೆ ಜಾಗ ಮತ್ತು ನಂಬರನ್ನ ಮನೆಯವರಿಗೋ ಯೂನಿಯನ್‌ನವರಿಗೋ ಕಳ್ಸಿ, ಒಬ್ಬರೇ ಹೋಗಬೇಡಿ, ಏನಾದ್ರೂ ಅನುಮಾನ ಬಂದ್ರೆ 112ಕ್ಕೆ ಫೋನ್ ಮಾಡಿ. ಬೀಟ್ ಪೊಲೀಸರ ನಂಬರ್ ಸ್ಟೇಷನ್‌ನಲ್ಲಿ ಕೇಳಿದ್ರೆ ಕೊಡ್ತಾರೆ, ಕೊಡಲೇಬೇಕು.

ಪ್ರಶ್ನೆ: ಜಾತ್ರೆಯಲ್ಲಿ ಬಳೆ, ಆಟಿಕೆ ಅಂಗಡಿ ಹಾಕಿ ಜೀವನ ಮಾಡೋರು ನಾವು, ನಮ್ಮ ತಂದೆಯ ಕಾಲದಿಂದ. 2022ರಿಂದ ಕೆಲವು ಕಡೆ ಜಾಗ ಕೊಡೋದಿಲ್ಲ. ಕಾನೂನೇ ಹಾಗಿದೆ ಅಂತಾರೆ. ನಿಜವಾ?
(ಮುಲ್ಕಿ)

ಉತ್ತರ: ಅರ್ಧ ನಿಜ. ಧಾರ್ಮಿಕ ದತ್ತಿ ಕಾಯ್ದೆಯ ಅಡಿಯಲ್ಲಿ 2002ರಲ್ಲಿ ಮಾಡಿದ ನಿಯಮದಲ್ಲಿ ದೇವಸ್ಥಾನದ ಜಾಗ, ಕಟ್ಟಡವನ್ನ ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅಂತ ಇದೆ. ಜಾತ್ರೆಯ ನಾಲ್ಕು ದಿನಕ್ಕೆ ರಸ್ತೆ ಬದಿ ಕೂರೋ ಸಂತೆ ಅಂಗಡಿಗೆ ಅದನ್ನ ಹಾಕೋದು ಎಳೆದು ತಂದ ಅರ್ಥ ಅನ್ನೋದು ನನ್ನ ಅಭಿಪ್ರಾಯ. ಅವತ್ತು ವಿಧಾನಸಭೆಯಲ್ಲಿ ಪ್ರಶ್ನೆ ಬಂದಾಗ ಸರ್ಕಾರ ಈ ನಿಯಮವನ್ನೇ ಓದಿ ಹೇಳಿ ಸುಮ್ಮನಾಯ್ತು, ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಅಂತ ಬ್ಯಾನರ್ ಕಟ್ಟಿದವರಿಗೆ ಅದೇ ಸಾಕಾಯ್ತು. ನಿಮ್ಮೂರಿನ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಕಟ್ಟಿಸಿದ್ದೇ ಬಪ್ಪ ಬ್ಯಾರಿ ಅನ್ನೋ ಮುಸ್ಲಿಂ ವ್ಯಾಪಾರಿ ಅಂತ ಊರಿನ ಹಿಂದೂಗಳೇ ತಲೆತಲಾಂತರದಿಂದ ಹೇಳ್ಕೊಂಡು ಬಂದಿದ್ದಾರೆ, ಆ ಜಾತ್ರೆಗೂ ಬ್ಯಾನರ್ ಬಂತಲ್ಲ, ಏನು ಹೇಳೋದು. ಗ್ರಾಮ ಪಂಚಾಯಿತಿ ಅಥವಾ ಪುರಸಭೆ ರಸ್ತೆಯಲ್ಲಿ ಜಾಗ ಕೊಡಲ್ಲ ಅಂದ್ರೆ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಪೇಟೆಗಳಲ್ಲಿ ಸಿಗೋ ಗುರುತಿನ ಚೀಟಿ ಮಾಡಿಸ್ಕೊಂಡಿಲ್ಲದಿದ್ರೆ ಮೊದಲು ಅದು ಮಾಡಿಸ್ಕೊಳ್ಳಿ.

ಪ್ರಶ್ನೆ: ಕಲಬುರ್ಗಿ ಮೇಷ್ಟ್ರ ಕೇಸು ಎಲ್ಲಿಗೆ ಬಂತ್ರಿ? ನಮ್ಮ ಓಣ್ಯಾಗಿನ ಹುಡುಗ್ರಿಗೆ ಅವರು ಯಾರು ಅಂತ ಗೊತ್ತಿಲ್ಲ.
(ಕಲ್ಯಾಣ ನಗರ, ಧಾರವಾಡ)

ಉತ್ತರ: 2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ ಬಾಗಿಲು ಬಡಿದು ಬಂದವರು ಅವರನ್ನ ಮನೆಯಲ್ಲೇ ಗುಂಡಿಟ್ಟು ಕೊಂದ್ರು, ನಿಮಗೆ ನಾನು ಹೇಳಬೇಕಾಗಿಲ್ಲ. ಸಿಐಡಿ ವರ್ಷಗಟ್ಟಲೆ ಹುಡುಕಿತು, ಯಾರೂ ಸಿಗಲಿಲ್ಲ. ಗೌರಿ ಕೇಸಿನ ತನಿಖೆಯಲ್ಲಿ ಎರಡೂ ಕೊಲೆಗೆ ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ಫೊರೆನ್ಸಿಕ್ ವರದಿ ಹೇಳಿದ ಮೇಲೆ ಬಾಗಿಲು ತೆರೀತು. ಉಮಾದೇವಿ ಕಲಬುರ್ಗಿಯವರು ಆ ವಯಸ್ಸಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಹೋರಾಡಿದ್ದಕ್ಕೆ 2019ರ ಫೆಬ್ರವರಿಯಲ್ಲಿ ಕೇಸು ಎಸ್‌ಐಟಿಗೆ ಹೋಯ್ತು, ಆಗಸ್ಟ್‌ನಲ್ಲಿ ಆರು ಜನರ ಮೇಲೆ ಚಾರ್ಜ್‌ಶೀಟ್ ಆಯ್ತು. ಗೌರಿ ಕೇಸಿನ ವಿಚಾರಣೆ ಶುರುವಾಗಿದ್ದೇ 2022ರಲ್ಲಿ, ಆರೋಪಿಗಳು ಒಬ್ಬೊಬ್ಬರಾಗಿ ಜಾಮೀನಲ್ಲಿ ಹೊರಗೆ ಬಂದ್ರು, ಕೆಲವರಿಗೆ ಹಾರ ಹಾಕಿ ಸ್ವಾಗತ ಮಾಡಿದ್ರು. ಪುಣೆಯಲ್ಲಿ 2013ರಲ್ಲಿ ಕೊಲೆಯಾದ, ಮೂಢನಂಬಿಕೆ ವಿರುದ್ಧ ಹೋರಾಡ್ತಿದ್ದ ನರೇಂದ್ರ ದಾಭೋಲ್ಕರ್ ಕೇಸಲ್ಲಿ ಮಾತ್ರ 2024ರ ಮೇ 10ಕ್ಕೆ ಗುಂಡು ಹೊಡೆದ ಇಬ್ಬರಿಗೆ ಜೀವಾವಧಿ ಶಿಕ್ಷೆ ಆಗಿದೆ, ಸಂಚಿನ ಆರೋಪ ಇದ್ದವರು ಬಿಡುಗಡೆ ಆದ್ರು.

ನಿಮ್ಮ ಓಣಿ ಹುಡುಗ್ರಿಗೆ ಹೇಳ್ರಿ, ಆ ಮನುಷ್ಯ ವಚನಗಳನ್ನ ಹುಡುಕಿ ತೆಗೆದು, ಶಾಸನ ಓದಿ, ಸಂಶೋಧನೆ ಅಂದ್ರೆ ಹಿಂಗ ಇರ್ಬೇಕು ಅಂತ ತೋರಿಸಿದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು. ಸಾಧ್ಯ ಆದ್ರೆ ಹುಡುಗ್ರನ್ನ ಕೂರಿಸ್ಕೊಂಡು ಅವರ ಒಂದು ಲೇಖನ ಓದಿಸ್ರಿ.

ಪ್ರಶ್ನೆ: ದ್ವೇಷ ಭಾಷಣಕ್ಕೆ ಹೊಸ ಮಸೂದೆ ತಂದಿದ್ದಾರಲ್ಲ, ಇನ್ನಾದ್ರೂ ನಿಲ್ಲತ್ತಾ?
(ಉಡುಪಿ)

ಉತ್ತರ: 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಪಾಸ್ ಮಾಡಿದ್ದು ನಿಜ. ನನಗೆ ಅಷ್ಟು ಭರವಸೆ ಇಲ್ಲ. ಕೋಮುಗಳ ನಡುವೆ ದ್ವೇಷ ಹಬ್ಬಿಸೋದಕ್ಕೆ ಮೊದಲೇ ಐಪಿಸಿಯಲ್ಲಿ 153ಎ ಸೆಕ್ಷನ್ ಇತ್ತು, ಈಗ ನ್ಯಾಯ ಸಂಹಿತೆಯಲ್ಲಿ ಅದೇ 196 ಆಗಿದೆ. ಯಾರೂ ದೂರು ಕೊಡದೇ ಇದ್ರೂ ಪೊಲೀಸರೇ ಕೇಸು ಹಾಕಬೇಕು, ಯಾವ ಧರ್ಮದವರು ಮಾತಾಡಿದ್ರೂ ಅಷ್ಟೇ, ಇಲ್ಲದಿದ್ರೆ ನ್ಯಾಯಾಂಗ ನಿಂದನೆ ಅಂತ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಆ ಸೆಕ್ಷನ್‌ನಲ್ಲಿ ಕೋರ್ಟು ವಿಚಾರಣೆಗೆ ತಗೊಳ್ಳಬೇಕಾದ್ರೆ ಸರ್ಕಾರದ ಅನುಮತಿ ಬೇಕು, ಆ ಫೈಲು ವಿಧಾನಸೌಧದಲ್ಲಿ ಎಷ್ಟು ದಿನ ಕೂರತ್ತೆ ಅನ್ನೋದೇ ಪ್ರಶ್ನೆ. ಇದ್ದ ಸೆಕ್ಷನ್ನಿಗೆ ಸಹಿ ಹಾಕದವರು ಹೊಸದಕ್ಕೆ ಹಾಕ್ತಾರೆ ಅಂತ ಹೇಗೆ ನಂಬೋದು. ಜೊತೆಗೆ ಸರ್ಕಾರವನ್ನ ಟೀಕೆ ಮಾಡೋರ ಮೇಲೆ ಅದನ್ನ ಬಳಸೋ ಅಪಾಯಾನೂ ಇದೆ, ಅದನ್ನ ಎಲ್ಲ ಪಕ್ಷದವರೂ ನೆನಪಲ್ಲಿ ಇಟ್ಕೊಂಡ್ರೆ ಒಳ್ಳೇದು.

ಪ್ರಶ್ನೆ: ನಾನು ಕುಂದಾಪುರದವ, ದುಬೈಲಿ ಕೆಲಸ. ನಮ್ಮ ರೂಮಲ್ಲಿ ಬ್ಯಾರಿ, ಬಂಟ, ಕ್ರಿಶ್ಚಿಯನ್ ಎಲ್ಲ ಒಟ್ಟಿಗೆ ಇದ್ದೇವೆ, ಒಂದೇ ಪಾತ್ರೆಲಿ ಮೀನು ಸಾರು. ಆದ್ರೆ ಊರಿನ ಗ್ರೂಪಲ್ಲಿ ಬರೋ ಮೆಸೇಜ್ ನೋಡಿದ್ರೆ ಮುಖ ನೋಡೋಕಾಗಲ್ಲ. ಇಲ್ಲಿಂದ ನಾವು ಎಂತ ಮಾಡಬಹುದು?

ಉತ್ತರ: ಎರಡು ಕೆಲಸ. ಊರಿನ ಯಾವ ಸಂಘಟನೆಗೆ ದುಡ್ಡು ಕಳಿಸ್ತಿದ್ದೀರೋ, ಅದು ನಿಮ್ಮ ಕಡೆಯದ್ದಾಗಲಿ ಅವರ ಕಡೆಯದ್ದಾಗಲಿ, ಲೆಕ್ಕ ಕೇಳಿ. ಬಡ ಮಕ್ಕಳ ಫೀಸಿಗೆ ಅಂತ ಹೋದ ದುಡ್ಡು ಯಾರದೋ ಜಾಮೀನಿಗೆ ಖರ್ಚಾಗಿದ್ರೆ ನಿಲ್ಲಿಸಿ. ಗಲ್ಫ್‌ನ ಸಂಬಳದ ದುಡ್ಡಿಗೆ ನಮ್ಮ ಕರಾವಳಿಯಲ್ಲಿ ಬಹಳ ತೂಕ ಇದೆ, ನೀವು ಕೇಳಿದ್ರೆ ಉತ್ತರ ಕೊಡ್ತಾರೆ.

ಇನ್ನೊಂದು, ನಿಮ್ಮ ರೂಮಿನವರೆಲ್ಲ ಸೇರಿ ಒಂದೇ ಒಂದು ಕೇಸನ್ನ ಹಿಂಬಾಲಿಸಿ. ನಿಮ್ಮೂರಿನ ಹತ್ತಿರದ್ದು ಯಾವುದಾದ್ರೂ. ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಸ್ಟೇಷನ್ ಹೆಸರು, ಎಫ್‌ಐಆರ್ ನಂಬರ್, ವರ್ಷ ಹಾಕಿದ್ರೆ ಕೇಸು ಯಾವ ಕೋರ್ಟಲ್ಲಿದೆ, ಮುಂದಿನ ತಾರೀಕು ಯಾವಾಗ ಎಲ್ಲ ಬರತ್ತೆ. ಸಾಕ್ಷಿಗಳು ಬರ್ಲಿಲ್ಲ ಅಂತ ಮುಂದಕ್ಕೆ ಹೋಯ್ತಾ, ವಾಪಸ್ ಅರ್ಜಿ ಬಂತಾ ನೋಡಿ, ಊರಿನ ಗ್ರೂಪಲ್ಲಿ ಹಾಕಿ, ಶಾಸಕರಿಗೆ ಟ್ಯಾಗ್ ಮಾಡಿ ಕೇಳಿ. ಎಲೆಕ್ಷನ್ನಿಗೆ ಊರಿಗೆ ಬಂದಾಗ ಮನೆ ಬಾಗಿಲಿಗೆ ವೋಟು ಕೇಳೋಕೆ ಬಂದವರ ಎದುರಿಗೂ ಆ ಕೇಸ್ ನಂಬರ್ ಇಡಿ. ನಿಮ್ಮ ರೂಮಿನವರೆಲ್ಲರ ಹೆಸರಿನ ಪತ್ರ ಬಂದ್ರೆ ಮುಂದಿನ ಸಂಚಿಕೆಯಲ್ಲಿ ಆ ಕೇಸಿನ ಸ್ಥಿತಿಯನ್ನ ಇದೇ ಅಂಕಣದಲ್ಲಿ ಹಾಕ್ತೀನಿ.